ಲಾಳಿ

ಚಳ್ಳಕೆರೆಯಲ್ಲಿ ಕುರಿಯುಣ್ಣೆಯ ಕಂಬಳಿ, ಮೊಳಕಾಲ್ಮೂರಿನಲ್ಲಿ ರೇಷ್ಮೆಯ ಸೀರೆ. ಕೊಳ್ಳುವವರೂ ಬೇರೆ, ಬೆಲೆಯೂ ಬೇರೆ. ಆದರೂ ಎರಡರಲ್ಲಿಯೂ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ನುಗ್ಗುವ ನೂಲು ಹೊಕ್ಕು. ಹಾಸುವುದರಿಂದ ಹಾಸು, ಹೊಗುವುದರಿಂದ ಹೊಕ್ಕು. ಇವು ಅಚ್ಚಗನ್ನಡವೆಂದು ತಿಳಿಯಲು ನಿಘಂಟನ್ನು ತೆರೆಯಬೇಕಾಗಿಲ್ಲ.

ತೊಡಕಿರುವುದು ಲಾಳಿಯಲ್ಲಿ. ಹೊಕ್ಕಿನ ಕಂಡಿಕೆಯನ್ನು ಒಡಲಲ್ಲಿಟ್ಟುಕೊಂಡು ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಓಡುವ ಈ ಸಾಧನಕ್ಕೆ ಸಂಸ್ಕೃತದಲ್ಲಿ ತಸರವೆಂದು ಹೆಸರು. ಋಗ್ವೇದದಷ್ಟು ಹಳೆಯ ಶಬ್ದ. ನೇಕಾರನ ಬಾಯಲ್ಲಿ ಅದು ಇಲ್ಲವಾದ್ದರಿಂದ ಲಾಳಿಯು ದೇಶ್ಯವೆಂದು ನಿರ್ಣಯಿಸಿ ಪಂಡಿತನು ಸುಮ್ಮನಾಗುವುದು ಸುಲಭ. ಆದರೆ ನಾಳವೆಂದರೆ ಟೊಳ್ಳಾದ ದಂಟು, ಕೊಳವೆ; ನಾಳಿಯೂ ಅದೇ. ಮೊದಲ ನಕಾರವು ಲಕಾರವಾಗಲು ಲಾಳಿಯಾಯಿತು. ಅಡಿಗೆಮನೆಯಲ್ಲಿ ಎಣ್ಣೆ ಹೊಯ್ಯುವ ಲಾಳಿಕೆಯೂ ಈ ಮನೆತನದ್ದೇ. ನೇಕಾರನು ವಸ್ತುವಿನ ಟೊಳ್ಳನ್ನು ನೋಡಿ ಹೆಸರಿಟ್ಟನು. ವೇದದ ಶಬ್ದ ಅವನಿಗೆ ಬೇಕಾಗಲಿಲ್ಲ.

ಇಷ್ಟಕ್ಕೇ ಹಿಗ್ಗಿ ಎಲ್ಲ ಲಾಳಗಳನ್ನೂ ಸಂಸ್ಕೃತಕ್ಕೆ ಕಟ್ಟುವ ಪಂಡಿತರೂ ಉಂಟು. ಅದೂ ಸಲ್ಲದು. ಕುದುರೆಯ ಗೊರಸಿಗೆ ಹೊಡೆಯುವ ಲಾಳವು ಪಾದರಕ್ಷೆಯೆಂಬ ಅರ್ಥದ ಅರಬ್ಬಿಯ ‘ನಅಲ್’ ಶಬ್ದದಿಂದ ಬಂದದ್ದು. ಅಲ್ಲಿಯೂ ನಕಾರವೇ ಲಕಾರವಾಯಿತೆಂಬುದು ವಿನೋದ.

ಈಗ ಲಾಳಿಯಿಲ್ಲದೆಯೇ ಹೊಕ್ಕನ್ನು ಸೆಳೆದೊಯ್ಯುವ ಯಂತ್ರಮಗ್ಗಗಳು ಬಂದಿವೆ. ವಸ್ತು ಹೋದ ಮನೆಯಲ್ಲಿ ಮಾತು ಎಷ್ಟು ದಿನ ನಿಂತೀತು? ಮೊಳಕಾಲ್ಮೂರಿನ ಕೈಮಗ್ಗಗಳಲ್ಲಿ ಅದರ ಸದ್ದು ಇನ್ನೂ ಕೇಳುತ್ತದೆ. ಶಬ್ದವ್ಯುತ್ಪತ್ತಿಯನ್ನು ಹುಡುಕುವವರು ಒಂದು ದಿನ ಅಲ್ಲಿ ಹೋಗಿ ಕುಳಿತು, ಮಗ್ಗದ ಒಂದೊಂದು ಅಂಗವನ್ನೂ ಮುಟ್ಟಿ ತೋರಿಸಿ ಹೆಸರು ಕೇಳಿ ಬರೆದುಕೊಳ್ಳಬಹುದು. ಹೇಳುವವರು ಇನ್ನೂ ಇದ್ದಾರೆ.