ಮರುಭೂಮಿಯ ಬೆಟ್ಟದಲ್ಲಿ ಒಂದು ಹಗಲು

ಪರ್ವತವೆಂದೊಡನೆ ನಮ್ಮವರ ಮನಸ್ಸಿಗೆ ಹೊಳೆಯುವುದು ಹಿಮಾಲಯ, ಇಲ್ಲವೆ ಮಳೆಯಲ್ಲಿ ತೊಯ್ದ ಸಹ್ಯಾದ್ರಿ. ನೀರು ನೆರಳುಗಳಿಲ್ಲದ ಬೆಟ್ಟವು ಬೆಟ್ಟವೇ ಅಲ್ಲವೆಂದು ನಮಗೆ ತೋರುವುದು ಸಹಜ. ಆದರೆ ಅಂತಹ ಬೆಟ್ಟಗಳೂ ಪ್ರಪಂಚದಲ್ಲುಂಟು. ಅಮೆರಿಕಾ ದೇಶದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಜಸಿಂಟೋ ಪರ್ವತದ ಪೂರ್ವದ ಮುಖವು ಅವುಗಳಲ್ಲೊಂದು. ಅದರ ಬುಡದಲ್ಲಿ, ಮರುಭೂಮಿಯ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 480 ಅಡಿ ಎತ್ತರದಲ್ಲಿ ಪಾಮ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಶಿಖರದ ಎತ್ತರವಾದರೋ 10,834 ಅಡಿ. ಪಟ್ಟಣದ ಕಲಾಸಂಗ್ರಹಾಲಯದ ಬಳಿಯಿಂದ ಹೊರಡುವ ಕಾಲುದಾರಿಯೊಂದು ಸುಮಾರು ಹತ್ತು ಮೈಲಿಗಳಲ್ಲಿ 8,000 ಅಡಿಗಳಷ್ಟು ಏರಿ ಲಾಂಗ್ ವ್ಯಾಲಿ ಎಂಬ ಪೈನ್ ಮರಗಳ ತಾಣವನ್ನು ಸೇರುವುದು. ಶಿಖರವು ಅಲ್ಲಿಂದಾಚೆಗೆ ಮತ್ತೆ ಐದಾರು ಮೈಲಿ. ‘ಕಳ್ಳಿಯಿಂದ ಮುಗಿಲಿಗೆ’ ಎಂಬರ್ಥದ ಹೆಸರನ್ನು ಚಾರಣಿಗರು ಈ ದಾರಿಗೆ ಕೊಟ್ಟಿದ್ದಾರೆ.

ಮೈಸೂರು ಸೀಮೆಯ ಒಂದೇ ಶಾಲೆಯಲ್ಲಿ ಓದಿ, ಜೀವನೋಪಾಯಕ್ಕಾಗಿ ಆ ಪ್ರಾಂತವನ್ನು ಸೇರಿದ ನಾಲ್ವರು ಸ್ನೇಹಿತರು 2019ರ ಅಕ್ಟೋಬರ್ ತಿಂಗಳ ಒಂದು ದಿನ ಈ ದಾರಿಯನ್ನು ಹಿಡಿದರು. ಬೇಸಿಗೆಯಲ್ಲಿ ಅಲ್ಲಿ ಕಾಲಿಡುವುದು ಪ್ರಾಣಕ್ಕೆ ಎರವು. ಚಳಿಗಾಲದಲ್ಲಿ ಮೇಲ್ಭಾಗದ ಇಳಿಜಾರುಗಳು ಮಂಜುಗಟ್ಟಿ ಕಾಲು ಜಾರಿಸುವುವು. ಆದುದರಿಂದ ಶರತ್ಕಾಲವೇ ಯೋಗ್ಯವೆಂದು ನಿಶ್ಚಯಿಸಿ, ಲಾಂಗ್ ವ್ಯಾಲಿಯನ್ನು ಮುಟ್ಟುವವರೆಗೆ ಹನಿ ನೀರೂ ದೊರೆಯದೆಂದು ತಿಳಿದು, ಒಬ್ಬೊಬ್ಬರೂ ಐದು ಲೀಟರು ನೀರನ್ನು ಬೆನ್ನಿಗೇರಿಸಿ, ಬೆಳಗಿನ ಜಾವ ಮೂರು ಗಂಟೆಗೆ ದೀಪದ ಬೆಳಕಿನಲ್ಲಿ ಹೊರಟರು.

ಮೊದಲು ಬರಿಯ ಬಂಡೆ; ನಡುನಡುವೆ ಪೀಪಾಯಿಯಂತೆ ದುಂಡಗಿರುವ ಕಳ್ಳಿ, ಸೋಂಕಿದೊಡನೆ ತುಂಡಾಗಿ ಬಟ್ಟೆಗೆ ಅಂಟಿಕೊಳ್ಳುವ ಮತ್ತೊಂದು ಕಳ್ಳಿ. ಹೊತ್ತು ಹುಟ್ಟುವ ವೇಳೆಗೆ ಪಟ್ಟಣವು ಕೆಳಗೆ ಹಾಸಿದ ಚಾಪೆಯಂತೆ ಕಂಡಿತು. ಬಿಸಿಲು ಏರಿದಂತೆಲ್ಲ ಮಾತು ಇಳಿಯಿತು. ನಾಲ್ಕೂವರೆ ಸಾವಿರ ಅಡಿಗಳ ಸಮೀಪದಲ್ಲಿ, ಅವರಲ್ಲಿ ಉಪಾಧ್ಯಾಯನಾಗಿದ್ದವನ ಮೀನಖಂಡಗಳು ಹಿಡಿದುಕೊಂಡವು. ಅವನು ಒಂದು ಕಲ್ಲಿನ ಮೇಲೆ ಕುಳಿತು, “ನೀವು ಹೋಗಿರಪ್ಪ, ನನ್ನಿಂದ ನಿಮಗೆ ಅಡ್ಡಿಯಾಗುವುದು ಬೇಡ. ನಾನು ಮೆಲ್ಲಗೆ ಇಳಿದುಕೊಳ್ಳುತ್ತೇನೆ” ಎಂದನು.

ಬೇರೆ ಬೆಟ್ಟಗಳಲ್ಲಿ ಇದು ವಿವೇಕದ ಮಾತೇ ಸರಿ. ಬಳಲಿದವನು ಹಿಂದಿರುಗುವುದೇ ಕ್ಷೇಮ. ಆದರೆ ಈ ಬೆಟ್ಟದಲ್ಲಿ ಆ ನೀತಿಯು ತಲೆಕೆಳಗಾಗುವುದು. ಏರಿದಷ್ಟೂ ತಂಪು, ಇಳಿದಷ್ಟೂ ಉರಿ. ಬೆಳಗ್ಗೆ ಕತ್ತಲೆಯಲ್ಲಿ ಸುಲಭವಾಗಿ ದಾಟಿದ ನೆಲವೇ ನಡುಹಗಲಿನಲ್ಲಿ ಕಾದ ಹೆಂಚಾಗಿರುವುದು. ಕೈಯಲ್ಲಿ ನೀರೂ ಅರ್ಧವಾಗಿರುವುದು. ಹಿಂದಿರುಗಲು ಹೋಗಿ ಬಿಸಿಲಿಗೆ ಸಿಕ್ಕಿ ಕೆಟ್ಟವರುಂಟು. ಅವರಲ್ಲಿ ವೈದ್ಯನಾಗಿದ್ದವನು ಇದನ್ನೆಲ್ಲ ಬಲ್ಲವನು, ಅವನು, “ಇಳಿದರೆ ಒಲೆಯೊಳಕ್ಕೆ ಇಳಿದಂತೆ ಕಣೋ. ಏರಿದರೆ ಮರದ ನೆರಳಿದೆ, ಕೆಳಗಿಳಿಸುವ ಬಂಡಿಯಿದೆ. ಒಬ್ಬನನ್ನೇ ಕಳುಹಿಸುವ ಮಾತಂತೂ ಇಲ್ಲ” ಎಂದು ಉಪ್ಪು ಬೆರಸಿದ ನೀರನ್ನು ಕುಡಿಸಿದನು. ಉಳಿದಿಬ್ಬರು ಅವನ ಹೊರೆಯನ್ನು ಹಂಚಿಕೊಂಡರು. ಆಮೇಲೆ ಅವನೇ ಮುಂದೆ, ಮಿಕ್ಕವರು ಹಿಂದೆ. ಎಲ್ಲರಿಗಿಂತ ನಿಧಾನವಾದವನ ಹೆಜ್ಜೆಯೇ ಎಲ್ಲರ ಹೆಜ್ಜೆಯಾಯಿತು.

ಕಳ್ಳಿ ಹೋಗಿ ಕುರುಚಲು ಗಿಡ ಬಂದಿತು. ಕುರುಚಲು ಹೋಗಿ ಓಕ್, ಓಕ್ ಕಳೆದು ಪೈನ್. ಕಡೆಯ ಭಾಗದ ಏರು ಅತ್ಯಂತ ಕಡಿದಾದುದು. ಅದನ್ನು ಕೈಕಾಲುಗಳೆರಡನ್ನೂ ಊರಿ ಹತ್ತಿ, ಲಾಂಗ್ ವ್ಯಾಲಿಯ ನಲ್ಲಿಯ ಬಳಿ ಅವರು ಕುಳಿತಾಗ ಮಧ್ಯಾಹ್ನ ಮೂರು ಗಂಟೆ. ಶಿಖರಕ್ಕೆ ಇನ್ನೂ 2,400 ಅಡಿ. ಹೋಗಿ ಬರುವುದರೊಳಗಾಗಿ ಇರುಳಾಗುವುದು ಖಂಡಿತ. ನಾಲ್ವರಲ್ಲಿ ದೃಢಕಾಯನಾದ ಇಂಜಿನಿಯರು ಆರು ತಿಂಗಳಿಂದ ಈ ಶಿಖರಕ್ಕೆಂದೇ ದೇಹವನ್ನು ಪಳಗಿಸಿದ್ದನು. ಅವನು ಮೇಲಕ್ಕೊಮ್ಮೆ ನೋಡಿದನು. ಬೂಟಿನ ದಾರವನ್ನು ಸಡಿಲಿಸಿ, “ಬೆಟ್ಟ ಎಲ್ಲಿಗೂ ಹೋಗುವುದಿಲ್ಲ” ಎಂದು ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚಿದನು. ಉಪಾಧ್ಯಾಯನು ಮುಖವನ್ನು ಆ ಕಡೆಗೆ ತಿರುಗಿಸಿಕೊಂಡನು. 1963ರಲ್ಲಿ ಆರಂಭವಾದ ತಂತಿಯ ಬಂಡಿಯು ಹತ್ತೇ ನಿಮಿಷಗಳಲ್ಲಿ ಅವರನ್ನು ಕೆಳಗಿನ ನಿಲ್ದಾಣಕ್ಕೆ ಇಳಿಸಿತು. ಹನ್ನೆರಡು ಗಂಟೆಗಳ ಶ್ರಮಕ್ಕೆ ಹತ್ತು ನಿಮಿಷಗಳ ಉತ್ತರ!

ಮಹಾಭಾರತದ ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬೀಳುತ್ತಿರಲು ಧರ್ಮರಾಯನು ಹಿಂದಿರುಗಿ ನೋಡದೆ ನಡೆದನು. ಸರ್ವವನ್ನೂ ತ್ಯಜಿಸಿ ಹೊರಟವನಿಗೆ ಅದು ತಕ್ಕ ನಡೆ. ಸಂಜೆಗೆ ಮನೆಗೆ ಮರಳಬೇಕಾದ ಗೃಹಸ್ಥರ ಧರ್ಮ ಬೇರೆ. ಅವರು ಹೆಜ್ಜೆಹೆಜ್ಜೆಗೂ ಹಿಂದಿರುಗಿ ನೋಡಬೇಕು. ಅದೇ ಧರ್ಮರಾಯನು ಸ್ವರ್ಗದ ಬಾಗಿಲಿನಲ್ಲಿ, ನಂಬಿ ಬಂದ ನಾಯಿಯನ್ನು ಬಿಟ್ಟು ಒಳಹೊಗಲಾರೆನೆಂದು ನಿಂತನಲ್ಲವೆ? ಆ ನಾಲ್ವರು ಶಿಖರವನ್ನು ಮುಟ್ಟಲಿಲ್ಲ. ಆದರೆ ನಾಲ್ವರಾಗಿ ಹೋದವರು ನಾಲ್ವರಾಗಿಯೇ ಬಂದರು. ಸ್ನೇಹವೆಂಬುದಕ್ಕೆ ಇದಕ್ಕಿಂತ ಎತ್ತರವಾದ ಶಿಖರವುಂಟೇ ಎಂಬುದನ್ನು ವಾಚಕರೇ ವಿಚಾರಿಸಬಹುದು.