ಗೋಡೆಯ ಮೇಲಣ ಧ್ಯೇಯ

ಚಾಮರಾಜನಗರದ ಪೇಟೆಯ ಅಂಗಡಿಗಳಲ್ಲಿ ಹಿಂದೆ ಎರಡು ಬಗೆಯ ಬರಹಗಳನ್ನು ಕಾಣಬಹುದಾಗಿತ್ತು. ಕುಂಕುಮದಿಂದ ಬರೆದ ‘ಶುಭ ಲಾಭ’ ಎಂಬುದೊಂದು. ಗಲ್ಲಾಪೆಟ್ಟಿಗೆಯ ಮೇಲುಗಡೆ ತೂಗುಹಾಕಿದ ‘ಇಂದು ನಗದು, ನಾಳೆ ಸಾಲ’ ಎಂಬುದು ಮತ್ತೊಂದು. ಮೊದಲನೆಯದು ದೇವರಿಗೆ ಮಾಡಿದ ಬಿನ್ನಹ. ಎರಡನೆಯದು ಗಿರಾಕಿಗೆ ಕೊಟ್ಟ ಎಚ್ಚರಿಕೆ. ವ್ಯಾಪಾರಿಯ ಮನಸ್ಸಿನಲ್ಲಿದ್ದುದೆಲ್ಲವೂ ಈ ನಾಲ್ಕಾರು ಶಬ್ದಗಳಲ್ಲಿ ಅಡಗಿದ್ದುದರಿಂದ ಯಾರಿಗೂ ಸಂದೇಹಕ್ಕೆ ಎಡೆಯಿರಲಿಲ್ಲ. ಈಗ ಹಾಗಲ್ಲ. ಬ್ಯಾಂಕಿಗೆ ಹೋಗಿ, ಆಸ್ಪತ್ರೆಗೆ ಹೋಗಿ, ಕರಿಕಲ್ಲು ವ್ಯಾಪಾರದ ಕಚೇರಿಗೆ ಹೋಗಿ, ‘ನಮ್ಮ ಧ್ಯೇಯ’, ‘ನಮ್ಮ ದೃಷ್ಟಿ’, ‘ನಮ್ಮ ಉದ್ದೇಶಗಳು’ ಎಂಬ ಮೂರು ಶಿರೋನಾಮೆಗಳುಳ್ಳ ಹಲಗೆಯೊಂದು ಬಾಗಿಲಲ್ಲಿಯೇ ಎದುರುಗೊಳ್ಳುವುದು. ಸಾಲಕ್ಕಾಗಿಯೋ ಔಷಧಕ್ಕಾಗಿಯೋ ಕಾದು ಕುಳಿತವರು ಬೇರೆ ಕೆಲಸವಿಲ್ಲದೆ ಅದನ್ನು ಓದುವರು. ನಾವೂ ಅನೇಕ ಸಲ ಓದಿದ್ದೇವೆ. ಒಂದು ಕಚೇರಿಯ ಹಲಗೆಯನ್ನು ತೆಗೆದು ಮತ್ತೊಂದರ ಗೋಡೆಗೆ ತೂಗುಹಾಕಿದರೂ ತಿಳಿಯದಷ್ಟು ಅವು ಒಂದನ್ನೊಂದು ಹೋಲುತ್ತವೆ. ಉತ್ಕೃಷ್ಟತೆ, ನಂಬಿಕೆ, ಸಮಗ್ರ ಅಭಿವೃದ್ಧಿ, ವಿಶ್ವದರ್ಜೆ ಎಂಬ ನಾಲ್ಕು ಮಾತುಗಳಿಲ್ಲದ ಹಲಗೆಯನ್ನು ನಾವು ಇನ್ನೂ ಕಂಡಿಲ್ಲ.

ಇದು ವ್ಯಾಪಾರಿಗಳ ವಿಷಯ, ಸಂಸಾರಸ್ಥರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ಮನೆಗೆ ಬರುವ ಹಾಲು, ನಾವು ಬೆಳೆದ ಅರಿಸಿನ, ಮಗಳ ಮದುವೆಗೆಂದು ಇಟ್ಟ ಠೇವಣಿ, ಇವೆಲ್ಲವೂ ಇಂಥ ಹಲಗೆಗಳುಳ್ಳ ಕಚೇರಿಗಳ ಕೈಯಲ್ಲಿಯೇ ಇವೆ. ಅವರು ತಮ್ಮ ಉದ್ದೇಶವೆಂದು ಏನನ್ನು ಬರೆದುಕೊಂಡಿದ್ದಾರೆ, ಅದರಿಂದ ನಮಗೆ ಯಾವ ಹಿಡಿತ ದೊರೆಯುವುದು ಎಂಬುದನ್ನು ಮನೆವಾರ್ತೆ ನೋಡುವವರು ತಿಳಿದಿರುವುದು ಮೇಲು.

ಗುಂಡ್ಲುಪೇಟೆ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡವ್ವನವರಿದ್ದಾರೆ. ಎರಡು ಸೀಮೆಹಸು, ಒಂದೂವರೆ ಎಕರೆ ಖುಷ್ಕಿ ಭೂಮಿ, ಮಗ ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಇಷ್ಟು ಅವರ ಸಂಸಾರ. ಮಳೆಯಾದ ವರ್ಷ ಹೊಲದಲ್ಲಿ ಚೆಂಡುಹೂವೋ ಸೂರ್ಯಕಾಂತಿಯೋ ಕೈಗೆ ಹತ್ತುವುದು. ಮಳೆ ಹೋದ ವರ್ಷ ಹಾಲಿನ ಬಟವಾಡೆಯೊಂದೇ ಗತಿ. ಮೊಮ್ಮಗಳ ಕಾಲೇಜಿನ ಶುಲ್ಕವೂ ಬಸ್ಸಿನ ಖರ್ಚೂ ಅದರಿಂದಲೇ ನಡೆಯಬೇಕು. ಅನೇಕ ವರ್ಷಗಳಿಂದ ಊರಿನ ಡೈರಿಗೆ, ಎಂದರೆ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ, ಹಾಲು ಹಾಕುತ್ತ ಬಂದವರು ಅವರು. ಒಂದು ಬೇಸಗೆಯಲ್ಲಿ ಖಾಸಗಿ ಕಂಪನಿಯೊಂದರ ಗಾಡಿ ಮನೆಬಾಗಿಲಿಗೇ ಬರತೊಡಗಿತು. ಲೀಟರಿಗೆ ಎರಡು ರೂಪಾಯಿ ಹೆಚ್ಚು, ಹಣವೂ ಬೇಗ. ಡೈರಿಯಲ್ಲಿಯೋ ಬಟವಾಡೆ ತಡವಾಗುತ್ತಿತ್ತು. ಗಾಡಿಗೆ ಹಾಕುವುದೋ ಡೈರಿಗೆ ಹಾಕುವುದೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಆ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿದ್ದುದರಿಂದ ದೊಡ್ಡವ್ವನವರು ನಮ್ಮನ್ನು ಕಂಪನಿಯ ಶೀತಲ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅವರಿಗೆ ಓದು ಬಾರದು. ಗೋಡೆಯ ಮೇಲಿನ ದೊಡ್ಡ ಹಲಗೆಯನ್ನು ತೋರಿಸಿ, “ಏನ್ ಬರ್ದವ್ರೆ ಓದು ಮಗ” ಎಂದರು. ನಾವು ಓದಿದೆವು. ಗ್ರಾಹಕರ ಸಂತೃಪ್ತಿ, ಪಾಲುದಾರರ ಏಳಿಗೆ, ಉನ್ನತ ಮೌಲ್ಯಗಳು ಎಂದು ಅದು ಬಹಳ ದೂರ ಸಾಗಿತ್ತು. ಅವರು ಕೊನೆಯವರೆಗೂ ಕೇಳಿ, “ಅಲ್ಲ ಕನ ಮಗ, ಇದ್ರಲ್ಲಿ ಹಾಲು ಅನ್ನೋ ಮಾತೇ ಇಲ್ವಲ್ಲ!” ಎಂದರು.

ನಾವು ಮತ್ತೆ ನೋಡಿದೆವು. ನಿಜವೇ, ಹಾಲೂ ಇರಲಿಲ್ಲ, ಹಸುವೂ ಇರಲಿಲ್ಲ.

‘ಮಿಷನ್’ ಎಂಬ ಶಬ್ದ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಿಂದಾಗಿ ಹಳ್ಳಿಯವರಿಗೂ ಅದು ಪರಿಚಿತವೇ. ಆದರೆ ಅಲ್ಲಿ ಅದಕ್ಕೆ ಧರ್ಮಕಾರ್ಯಕ್ಕಾಗಿ ದೂರದೇಶಕ್ಕೆ ಕಳುಹಿಸಲ್ಪಟ್ಟವರ ಸಂಸ್ಥೆಯೆಂದು ಅರ್ಥ. ಅದನ್ನು ವ್ಯಾಪಾರಸ್ಥರು ತಮ್ಮ ಕೆಲಸಕ್ಕೆ ಅಳವಡಿಸಿಕೊಂಡದ್ದು ಈಚೆಗೆ. ಅಮೆರಿಕದಲ್ಲಿ ನೆಲಸಿದ್ದ ಪೀಟರ್ ಡ್ರಕರ್ ಎಂಬ ವಿದ್ವಾಂಸರು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವ್ಯವಹಾರವನ್ನು ನಡೆಸುವವರು ಮೊದಲು ತಮ್ಮ ವ್ಯವಹಾರ ಯಾವುದೆಂದು ತಮ್ಮನ್ನೇ ಕೇಳಿಕೊಳ್ಳಬೇಕೆಂದೂ, ಬಳಿಕ ಪ್ರತಿಯೊಬ್ಬ ಅಧಿಕಾರಿಯೂ ಅಳೆದು ನೋಡಬಹುದಾದ ಉದ್ದೇಶಗಳನ್ನು ಇಟ್ಟುಕೊಂಡು ಕೆಲಸ ಮಾಡಬೇಕೆಂದೂ ವಾದಿಸಿದರು. ಧ್ಯೇಯವೆಂದರೆ ದೂರದ ಬೆಟ್ಟ. ಉದ್ದೇಶವೆಂದರೆ ಸಂಜೆಯೊಳಗೆ ಮುಟ್ಟಬೇಕಾದ ಊರು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವನು ಬೆಟ್ಟವನ್ನು ನೋಡುತ್ತ ನಿಂತರೆ ಆಗದು. ಹಂಗಳದ ದಾರಿಯನ್ನು ಹಿಡಿಯಬೇಕು. ನಮ್ಮ ಹಲಗೆಗಳಲ್ಲಿ ಬೆಟ್ಟಗಳು ಬೇಕಾದಷ್ಟಿವೆ, ಹಂಗಳಗಳು ಕಡಿಮೆ.

ಆದರೆ ಉದ್ದೇಶವನ್ನು ಬರೆದಿಡುವ ಪದ್ಧತಿ ಡ್ರಕರ್ ಅವರಿಗಿಂತ ಬಹು ಹಿಂದಿನದು. ಅದರ ಹುಟ್ಟೂ ಬೇರೆ. ಕಂಪನಿ ಕಾನೂನಿನಲ್ಲಿ, ಕಂಪನಿಯನ್ನು ಕಟ್ಟುವವರು ತಮ್ಮ ಉದ್ದೇಶಗಳನ್ನು ಸ್ಥಾಪನಾಪತ್ರದಲ್ಲಿ ನಮೂದಿಸಬೇಕೆಂಬ ವಿಧಿಯುಂಟು. ನಮ್ಮ ದೇಶದ 2013ರ ಕಾಯ್ದೆಯಲ್ಲಿಯೂ ಅದು ಇದೆ. ಇದು ಅಲಂಕಾರಕ್ಕಾಗಿ ಮಾಡಿದುದಲ್ಲ. ಹಣ ಹಾಕಿದವರ ರಕ್ಷಣೆಗಾಗಿ ಮಾಡಿದುದು. ಇಂಗ್ಲೆಂಡಿನಲ್ಲಿ ರೈಲುಗಾಡಿಗಳನ್ನು ತಯಾರಿಸುವ ಉದ್ದೇಶದಿಂದ ಹುಟ್ಟಿದ ಆಷ್‌ಬರಿ ಎಂಬ ಕಂಪನಿಯು ಬೆಲ್ಜಿಯಮಿನಲ್ಲಿ ರೈಲುಮಾರ್ಗವನ್ನೇ ಹಾಕಿಸುವ ಕರಾರಿಗೆ ಕೈಹಾಕಿತು. ಗಾಡಿಯನ್ನು ಮಾಡುವುದು ಬೇರೆ, ಹಾದಿಯನ್ನು ಮಾಡುವುದು ಬೇರೆ, ಆದುದರಿಂದ ಈ ಕರಾರು ಅಸಿಂಧು, ಪಾಲುದಾರರೆಲ್ಲ ಒಪ್ಪಿದರೂ ಅದು ಸಿಂಧುವಾಗದು ಎಂದು 1875ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠವು ತೀರ್ಮಾನಿಸಿತು. ಇದಾದ ಮೇಲೆ ವಕೀಲರು ಸುಮ್ಮನಿರುವರೆ? ಸೂಜಿಯಿಂದ ಹಡಗಿನವರೆಗೆ ಸಕಲವನ್ನೂ ಉದ್ದೇಶಗಳ ಪಟ್ಟಿಗೆ ಸೇರಿಸಿ ಬರೆಯುವುದನ್ನು ಕಲಿತರು. ಎಲ್ಲವನ್ನೂ ಉದ್ದೇಶವೆಂದು ಬರೆದುಕೊಂಡವನನ್ನು ಯಾವುದಕ್ಕೂ ಹಿಡಿದು ನಿಲ್ಲಿಸಲಾಗದು.

ಸಹಕಾರ ಸಂಘಗಳಲ್ಲಿ ಈ ಉದ್ದೇಶದ ಪುಟಕ್ಕೆ ಹೆಚ್ಚಿನ ಬೆಲೆಯುಂಟು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲುಗೊಂಡು ನಮ್ಮ ನಾಡಿನಲ್ಲಿ ಇದಕ್ಕೆ ದೀರ್ಘವಾದ ಚರಿತ್ರೆಯಿದೆ. ಹಾಲಿನ ಸಂಘಗಳು ಗುಜರಾತಿನ ಆನಂದದ ಮಾದರಿಯವು. ಅಲ್ಲಿಯ ಖೇಡಾ ಜಿಲ್ಲೆಯ ರೈತರು 1946ರಲ್ಲಿ ತಮ್ಮ ಹಾಲಿನ ವ್ಯಾಪಾರವನ್ನು ತಾವೇ ಕೈಗೆತ್ತಿಕೊಂಡರು. ಕರ್ನಾಟಕದಲ್ಲಿ 1974ರಿಂದೀಚೆಗೆ ವಿಶ್ವಬ್ಯಾಂಕಿನ ನೆರವಿನಿಂದ ಅದೇ ಕ್ರಮವು ಬಂದಿತು: ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ‘ನಂದಿನಿ’ ಎಂಬ ಹೆಸರಿನಲ್ಲಿ ಮನೆಮನೆಗೂ ಬರುವ ಹಾಲು ಈ ಮೂರು ಮೆಟ್ಟಿಲುಗಳನ್ನು ಏರಿ ಬಂದುದು. ಚಾಮರಾಜನಗರವು 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಬಳಿಕ, ಕಾಲಕ್ರಮದಲ್ಲಿ ಹಾಲಿನ ಒಕ್ಕೂಟವೂ ಬೇರೆಯಾಯಿತು. ಕುದೇರಿನಲ್ಲಿ ಅದರ ಡೈರಿಯಿದೆ. ಸರ್ಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ ಆಮೇಲೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನವೂ ಈ ಸಂಘಗಳ ಮೂಲಕವೇ ಸಲ್ಲುವುದು. ಗಾಡಿಯವನ ಎರಡು ರೂಪಾಯಿಯನ್ನು ಲೆಕ್ಕ ಹಾಕುವಾಗ ಇದನ್ನು ಮರೆಯಬಾರದೆಂದು ದೊಡ್ಡವ್ವನವರ ಸೊಸೆ ಗಂಡನಿಗೆ ತಿಳಿಯಹೇಳಿದಳು. ಆಕೆ ಏಳನೆಯ ತರಗತಿಯವರೆಗೆ ಓದಿದವಳು. ಮನೆಯ ಲೆಕ್ಕವೆಲ್ಲ ಆಕೆಯದೇ.

ಆ ವರ್ಷ ಸೆಪ್ಟೆಂಬರಿನಲ್ಲಿ ಸಂಘದ ವಾರ್ಷಿಕ ಮಹಾಸಭೆ ನಡೆಯಿತು. ಷಾಮಿಯಾನದ ಕೆಳಗೆ ಕುರ್ಚಿಗಳು. ಗಂಡಸರು ಮುಂದೆ, ಹೆಂಗಸರು ಹಿಂದೆ. ಕಚೇರಿಗೆ ಮಹಡಿಯನ್ನು ಕಟ್ಟಿಸಿ, ಮುಂಭಾಗದಲ್ಲಿ ಸಂಘದ ಧ್ಯೇಯವನ್ನು ಗ್ರಾನೈಟಿನಲ್ಲಿ ಕೆತ್ತಿಸಬೇಕೆಂದು ಆಡಳಿತ ಮಂಡಳಿಯವರು ಸೂಚಿಸಿದರು. ಚಪ್ಪಾಳೆಯೂ ಆಯಿತು. ಆಗ ಹಿಂದಿನ ಸಾಲಿನಿಂದ ಈ ಸೊಸೆ ಎದ್ದು ನಿಂತು, “ಸೆಕ್ರೆಟ್ರಿಯವರೆ, ಬೈಲಾದ ಮೊದಲ್ನೇ ಹಾಳೆ ಒಂದ್ಸಲ ಓದಿ, ಕೇಳವ” ಎಂದಳು. ಕಾರ್ಯದರ್ಶಿ ಅತ್ತಿತ್ತ ನೋಡಿ, ಪುಸ್ತಕವನ್ನು ತರಿಸಿ ಓದಿದರು. ಅದರಲ್ಲಿ ವಿಶ್ವದರ್ಜೆಯ ಮಾತಿರಲಿಲ್ಲ. ಸದಸ್ಯರ ಹಾಲನ್ನು ಕೊಳ್ಳುವುದು, ಗುಣವನ್ನು ಪರೀಕ್ಷಿಸಿ ಅದಕ್ಕೆ ತಕ್ಕ ಬೆಲೆಯನ್ನು ಕೊಡುವುದು, ಪಶು ಆಹಾರವನ್ನೂ ಚಿಕಿತ್ಸೆಯನ್ನೂ ಒದಗಿಸುವುದು, ಹೀಗೆ ಮೂರು ನಾಲ್ಕು ಒಣ ಮಾತುಗಳು. “ಪರೀಕ್ಷೆ ಮಾಡಿ ಬೆಲೆ ಕೊಡೋದು ಅಂತ ನೀವೇ ಓದಿದ್ರಿ. ಫ್ಯಾಟ್ ನೋಡೋ ಮಿಷಿನ್ನು ಕೆಟ್ಟು ಮೂರು ತಿಂಗಳಾಯ್ತು. ಯಾರ ಹಾಲು ಎಂಥದು ಅಂತ ಅಂದಾಜಲ್ಲೇ ಬರ್ಕತ್ತಾ ಇದೀರಿ. ಮೊದಲು ಅದ ಸರಿ ಮಾಡ್ಸಿ, ಮಹಡಿ ಆಮೇಲೆ ನೋಡವ” ಎಂದು ಹೇಳಿ ಆಕೆ ಕುಳಿತಳು.

ಹಾಲಿನ ಬೆಲೆಯು ಅಳತೆಯಿಂದ ಮಾತ್ರವಲ್ಲ, ಅದರಲ್ಲಿರುವ ಜಿಡ್ಡಿನಿಂದಲೂ, ಹಳ್ಳಿಯವರು ‘ಡಿಗ್ರಿ’ ಎಂದು ಕರೆಯುವ ಗಟ್ಟಿತನದಿಂದಲೂ ನಿರ್ಧಾರವಾಗುವುದೆಂಬುದನ್ನು ಪಟ್ಟಣದ ವಾಚಕರು ನೆನಪಿನಲ್ಲಿಡಬೇಕು. ಜಿಡ್ಡನ್ನು ಅಂದಾಜಿನ ಮೇಲೆ ಬರೆದುಕೊಂಡರೆ, ಚೆನ್ನಾಗಿ ಮೇವು ಹಾಕಿದವಳ ಹಾಲಿಗೂ ನೀರು ಬೆರಸಿದವನ ಹಾಲಿಗೂ ಭೇದವುಳಿಯದು. ಆ ಮೂರು ತಿಂಗಳಲ್ಲಿ ದೊಡ್ಡವ್ವನವರ ಬಟವಾಡೆ ಎಷ್ಟು ಇಳಿದಿತ್ತೆಂದರೆ, ಮೊಮ್ಮಗಳನ್ನು ಕಾಲೇಜು ಬಿಡಿಸಿ ಮೈಸೂರಿನ ಬಟ್ಟೆಯ ಕಾರ್ಖಾನೆಗೆ ಕಳುಹಿಸುವ ಮಾತು ಮನೆಯಲ್ಲಿ ಎರಡು ಸಲ ಬಂದುಹೋಗಿತ್ತು. ಸೊಸೆಯ ದನಿಯಲ್ಲಿ ಇದ್ದುದು ಅದು. ಸಭೆಯವರಿಗೆ ತಿಳಿಯದಿದ್ದರೂ ನಮಗೆ ತಿಳಿದಿತ್ತು. ಸಭೆಯಲ್ಲಿ ಗದ್ದಲವಾಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಹದಿನೈದು ದಿನಗಳಲ್ಲಿ ಯಂತ್ರವು ಸರಿಯಾಯಿತು. ಮಹಡಿಯೂ ಮರುವರ್ಷ ಎದ್ದಿತು, ಗ್ರಾನೈಟಿನ ಬರಹದ ಸಮೇತ. ಆ ವಿಷಯದಲ್ಲಿ ಯಾರು ಯಾರನ್ನೂ ಸೋಲಿಸಲಿಲ್ಲ.

ಖಾಸಗಿ ಗಾಡಿಯ ಸಂಗತಿಯನ್ನೂ ಹೇಳಿಬಿಡಬೇಕು. ಮಳೆ ಬಿದ್ದು ಹಸುರು ಮೇವು ಹೆಚ್ಚಿ, ಎಲ್ಲರ ಮನೆಯಲ್ಲಿಯೂ ಹಾಲು ಉಕ್ಕಿದಾಗ ಅವರು ಬೆಲೆಯನ್ನು ಇಳಿಸಿದರು; ಬಳಿಕ ವಾರದಲ್ಲಿ ಕೆಲವು ದಿನ ಬಾರದೆ ಹೋದರು. ಅವರನ್ನು ನಾವು ದೂರಲಾರೆವು. ಬರುವೆವೆಂದು ಅವರು ಎಲ್ಲಿಯೂ ಬರೆದುಕೊಟ್ಟಿರಲಿಲ್ಲ. ಹಲಗೆಯಲ್ಲಿ ಹಾಲಿನ ಹೆಸರೇ ಇಲ್ಲದಿದ್ದುದರ ಅರ್ಥ ಆಗ ನಮಗೆ ಚೆನ್ನಾಗಿ ಹೊಳೆಯಿತು: ಅದನ್ನು ತೋರಿಸಿ ‘ಇದು ನಿಮ್ಮ ಮಾತಲ್ಲವೆ?’ ಎಂದು ಕೇಳಲು ಅಲ್ಲಿ ಒಂದು ಮಾತೂ ಇರಲಿಲ್ಲ. ಕೇಳಲು ಒಂದು ಸಭೆಯೂ ಇರಲಿಲ್ಲ.

ದೊಡ್ಡ ಕಂಪನಿಗಳ ಧ್ಯೇಯಪತ್ರಗಳೆಲ್ಲವೂ ಕೇವಲ ಬಣ್ಣವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಮಕ್ಕಳಿಗೆ ಪುಡಿ ಹಚ್ಚುವ ತಾಯಂದಿರಿಗೆಲ್ಲ ಗೊತ್ತಿರುವ ಜಾನ್ಸನ್ ಕಂಪನಿಯನ್ನೇ ನೋಡೋಣ. ಅದರ ಮುಖ್ಯಸ್ಥರು 1943ರಲ್ಲಿ ಒಂದು ಹಾಳೆಯನ್ನು ಬರೆದಿಟ್ಟರು. ವೈದ್ಯರು, ದಾದಿಯರು, ರೋಗಿಗಳು, ತಾಯಂದಿರು, ಇವರ ಋಣ ಮೊದಲು. ಕೆಲಸಗಾರರದೂ ಊರಿನವರದೂ ಆಮೇಲೆ. ಬಂಡವಾಳ ಹಾಕಿದವರದು ಎಲ್ಲಕ್ಕೂ ಕಡೆಯಲ್ಲಿ, ಎಂಬುದು ಅದರ ಸಾರ. ಇಲ್ಲಿ ಗಮನಿಸಬೇಕಾದುದು ಸರದಿ. ಎಲ್ಲರನ್ನೂ ಸಂತೋಷಪಡಿಸುವೆವು ಎನ್ನುವುದು ಸುಲಭ. ಇಬ್ಬರಿಗೆ ಜಗಳ ಬಂದಾಗ ಯಾರ ಪಕ್ಷವೆಂಬುದನ್ನು ಮೊದಲೇ ಬರೆದಿಡುವುದು ಕಷ್ಟ. 1982ರಲ್ಲಿ ಷಿಕಾಗೊ ಸೀಮೆಯಲ್ಲಿ ಯಾರೋ ದುಷ್ಟರು ಅವರ ಟೈಲೆನಾಲ್ ಮಾತ್ರೆಗಳಲ್ಲಿ ವಿಷ ಬೆರಸಿ ಏಳು ಮಂದಿ ಸತ್ತಾಗ, ಕಂಪನಿಯು ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಆ ನಷ್ಟವನ್ನು ಹೊರಲು ಆ ಹಾಳೆಯೇ ದಾರಿ ತೋರಿಸಿತೆಂದು ಅವರು ಹೇಳುವರು, ನಂಬಬಹುದು. ಆದರೆ ಅದೇ ಕಂಪನಿಯು ಮಕ್ಕಳ ಪುಡಿಯ ವಿಷಯದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಿ, ಟಾಲ್ಕ್ ಎಂಬ ಖನಿಜದಿಂದ ಮಾಡಿದ ಆ ಪುಡಿಯ ಮಾರಾಟವನ್ನು 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿಯೂ 2023ರಲ್ಲಿ ಜಗತ್ತಿನಲ್ಲೆಲ್ಲ ನಿಲ್ಲಿಸಿದಾಗಲೂ ಆ ಹಾಳೆ ಅದೇ ಗೋಡೆಯ ಮೇಲೆ ಇದ್ದಿತು.

ನಮ್ಮ ಜಿಲ್ಲೆಯ ಕಾಡಿನಲ್ಲಿ ಇದಕ್ಕೂ ವಿಚಿತ್ರವಾದುದೊಂದು ನಡೆದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ‘ಲ್ಯಾಂಪ್ಸ್’ ಎಂಬ ಸೊಸೈಟಿಗಳಿವೆ. ಆ ಹೆಸರನ್ನು ಬಿಡಿಸಿದರೆ ದೊಡ್ಡ ಪ್ರಮಾಣದ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘ ಎಂದಾಗುವುದು; ಉದ್ದೇಶವು ಹೆಸರಿನಲ್ಲಿಯೇ ಇದೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳಗಳನ್ನು ಸೋಲಿಗರಿಂದ ಕೊಂಡು, ನಡುವಣ ದಲ್ಲಾಳಿಗಳಿಲ್ಲದಂತೆ ಮಾರಿ, ಅವರಿಗೆ ನ್ಯಾಯವಾದ ಕೂಲಿಯನ್ನು ದೊರಕಿಸುವುದು ಇವುಗಳ ಮುಖ್ಯ ಕೆಲಸ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಕಾಡುತ್ಪನ್ನಗಳನ್ನು ಸಂಗ್ರಹಿಸುವುದು ನಿಷಿದ್ಧವಾಯಿತು. ಸಂಘವಿದ್ದಿತು, ಕಾರ್ಯದರ್ಶಿಯಿದ್ದನು, ಬೈಲಾದ ಮೊದಲ ಹಾಳೆಯೂ ಒಂದಕ್ಷರ ಅಳಿಸದೆ ಇದ್ದಿತು. ತಕ್ಕಡಿಯಲ್ಲಿ ಇಡುವುದಕ್ಕೆ ನೆಲ್ಲಿಕಾಯಿ ಮಾತ್ರ ಇರಲಿಲ್ಲ. ಜೇನು ಕೀಳುತ್ತಿದ್ದವರು ಕಾಫಿ ತೋಟಗಳ ಕೂಲಿಗೂ ಕೇರಳದ ಶುಂಠಿ ಹೊಲಗಳಿಗೂ ನಡೆದರು.

ಇಲ್ಲಿ ತಪ್ಪು ಸಂಘದ್ದಲ್ಲ. ಸದಸ್ಯರು ಎದ್ದು ನಿಂತು ಕೇಳಿದರೂ ಕಾರ್ಯದರ್ಶಿಯಲ್ಲಿ ಉತ್ತರವಿರುತ್ತಿರಲಿಲ್ಲ. ಕೇಳಬೇಕಾದ ಬಾಗಿಲು ಬೇರೆಯಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದುಕೊಂಡು ಸೋಲಿಗರ ಸಂಘಟನೆಯವರು ಪೋಡಿನಿಂದ ಪೋಡಿಗೆ ನಡೆದು, ಗ್ರಾಮಸಭೆಗಳನ್ನು ಕೂಡಿಸಿ, ತಮ್ಮ ದೇವರ ನೆಲೆಗಳನ್ನೂ ಹಾದಿಗಳನ್ನೂ ಜೇನಿನ ಮರಗಳನ್ನೂ ನಕ್ಷೆಯಲ್ಲಿ ಗುರುತಿಸಿ ಅರ್ಜಿಗಳನ್ನು ಹಾಕಿದರು. 2011ರ ಆರಂಭದಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವೆಂದು ಸಾರಲ್ಪಟ್ಟಿತು. ಅದೇ ವರ್ಷ ಅವರ ಅನೇಕ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳೂ ದೊರೆತುವು. ಜೇನಿಗೂ ನೆಲ್ಲಿಕಾಯಿಗೂ ಮತ್ತೆ ದಾರಿಯಾಯಿತು. ಲ್ಯಾಂಪ್ಸ್ ಸೊಸೈಟಿಯ ಆ ಹಳೆಯ ಹಾಳೆಯನ್ನು ತಿದ್ದಬೇಕಾದ ಅಗತ್ಯ ಬೀಳಲಿಲ್ಲ.