ನಂಬರಿಲ್ಲದ ಜೆರ್ಸಿ

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಮೆಲ್ಬೋರ್ನಿನವರು. ಅವರಿಗೆ ಊಟದ ಹೊತ್ತಾದಾಗ ನಮಗೆ ಬೆಳಗಿನ ಏಳೂವರೆ. ಆ ಕಾಲ್‌ನಲ್ಲಿ ಬಿಲ್ಡ್ ಓಡ್ತಾ ಇರುವಾಗ ಹತ್ತು ನಿಮಿಷ ಸುಮ್ಮನೆ ಕಾಯಬೇಕಾಗುತ್ತೆ ನೋಡಿ, ಆಗ ಆ ಕಡೆಯ ಮ್ಯಾನೇಜರ್ ತಮ್ಮ ಹುಚ್ಚಿನ ಬಗ್ಗೆ ಮಾತಾಡ್ತಾರೆ. ಹುಚ್ಚು ಅಂದ್ರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಕಡೆಗೆ ಹದಿನೆಂಟು ಜನ. ತೋಳಿಲ್ಲದ ಬನಿಯನ್ ಥರದ ಜೆರ್ಸಿಯನ್ನ ಅವರು ಜಂಪರ್ ಅಂತಾರೆ. ಅಲ್ಲಿನ ಅಭಿಮಾನಿಗಳ ಹಳೇ ಕಾಲಹರಣ ಏನಪ್ಪಾ ಅಂದ್ರೆ, ಒಂದೊಂದು ನಂಬರಿಗೆ ಒಬ್ಬೊಬ್ಬನನ್ನೇ ಆರಿಸಿ ಸಾರ್ವಕಾಲಿಕ ಟೀಮ್ ಕಟ್ಟೋದು. 31 ಅಂದ್ರೆ ಮೆಲ್ಬೋರ್ನ್ ಕ್ಲಬ್ಬಿನ ರಾನ್ ಬರಾಸಿ, ಅದರಲ್ಲಿ ಚರ್ಚೆಯೇ ಇಲ್ಲ. 17 ಅಂದ್ರೆ ರಿಚ್ಮಂಡಿನ ಜಾಕ್ ಡಯರ್. ಕೆಲವು ನಂಬರಿಗೆ ನಾಲ್ಕು ಜನ ದಿಗ್ಗಜರು ಜಗಳಕ್ಕೆ ನಿಂತರೆ, ಕೆಲವಕ್ಕೆ ಯಾರೂ ಸಿಗೋದಿಲ್ಲ. ಮಜಾ ಇರೋದೇ ಅಲ್ಲಿ.

"ನಿಮ್ಮ ರಾಜ್ಯದ ಕ್ರಿಕೆಟ್ ಟೀಮನ್ನ ಹೀಗೆ ಕಟ್ಟು ನೋಡೋಣ" ಅಂದ್ರು ಒಂದು ದಿನ. ಊಟದ ಬ್ರೇಕಿನಲ್ಲಿ ಮುಗಿಸ್ತೀನಿ ಅಂದುಕೊಂಡು ಒಂದು ಎಕ್ಸೆಲ್ ಶೀಟ್ ತೆಗೆದೆ. 19ರ ಎದುರಿಗೆ ರಾಹುಲ್ ದ್ರಾವಿಡ್. 1ರ ಎದುರಿಗೆ ಕೆ.ಎಲ್. ರಾಹುಲ್. ಆಮೇಲೆ ಕೈ ನಿಂತೇಹೋಯ್ತು.

ಯಾಕಂದ್ರೆ ನನಗೆ ಬೇಕಾದವರ ಬೆನ್ನ ಮೇಲೆ ನಂಬರೇ ಇರಲಿಲ್ಲ. 1992ರ ವಿಶ್ವಕಪ್‌ನಲ್ಲಿ ಬಣ್ಣದ ಬಟ್ಟೆ ಬಂತು, ಬೆನ್ನ ಮೇಲೆ ಹೆಸರೂ ಬಂತು, ನಂಬರ್ ಬರಲಿಲ್ಲ. ವಿಶ್ವಕಪ್ಪಿಗೆ ನಂಬರ್ ಬಂದದ್ದು 1999ರಲ್ಲಿ. ಟೆಸ್ಟ್ ಪಂದ್ಯದ ಬಿಳಿ ಅಂಗಿಗೆ ಬಂದದ್ದಂತೂ ಮೊನ್ನೆ ಮೊನ್ನೆ, 2019ರ ಆಗಸ್ಟ್‌ನಲ್ಲಿ, ಆ್ಯಷಸ್ ಸರಣಿಯಲ್ಲಿ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಇವರೆಲ್ಲ ಖಾಲಿ ಬೆನ್ನಿನ ಅಂಗಿಯಲ್ಲೇ ಆಡಿ ಮುಗಿಸಿದವರು. ನಂಬರ್ ಇಲ್ಲ ಅಂತ ಅವರನ್ನ ಬಿಟ್ಟು ಕರ್ನಾಟಕದ ಸಾರ್ವಕಾಲಿಕ ಟೀಮ್ ಕಟ್ಟಿದ್ರೆ, ಊರಿಗೆ ಹೋದಾಗ ಅಪ್ಪ ಜಗುಲಿ ಹತ್ತಿಸಲಿಕ್ಕಿಲ್ಲ.

ಹಾಗಾಗಿ ನಾನೇ ಒಂದು ರೂಲು ಮಾಡಿಕೊಂಡೆ. ಜೆರ್ಸಿ ನಂಬರ್ ಬದಲು ಬ್ಯಾಟಿಂಗ್ ಕ್ರಮಾಂಕ. ಯಾವ ಇನಿಂಗ್ಸಿನಿಂದ ಅವರು ನಮಗೆ ನೆನಪಾಗ್ತಾರೋ ಆ ಇನಿಂಗ್ಸಿನಲ್ಲಿ ಎಷ್ಟನೆಯವರಾಗಿ ಬಂದ್ರೋ ಅದೇ ಅವರ ನಂಬರ್. ಒಂದರಿಂದ ಹನ್ನೊಂದು, ಮುಗೀತು.

1 ರಾಹುಲ್, ಅಲ್ಲಿ ಎರಡೂ ಲೆಕ್ಕ ತಾಳೆಯಾಗುತ್ತೆ. 2 ಮಯಾಂಕ್ ಅಗರ್ವಾಲ್. 2018ರ ಬಾಕ್ಸಿಂಗ್ ಡೇ ದಿನ ಅದೇ ಮೆಲ್ಬೋರ್ನ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿ 76 ಹೊಡೆದವರು, ಮ್ಯಾನೇಜರನ್ನ ಕೆಣಕಲು ಇಷ್ಟು ಸಾಕು. 5 ಕರುಣ್ ನಾಯರ್. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ 303 ಬಾರಿಸಿ ಔಟಾಗದೆ ಉಳಿದಾಗ ಬಂದದ್ದು ಐದನೆಯವರಾಗಿ.

4 ಜಿ.ಆರ್. ವಿಶ್ವನಾಥ್. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಯಾಕಂದ್ರೆ ಅವರು ಹುಟ್ಟಿದ್ದು ಭದ್ರಾವತಿಯಲ್ಲಿ, ಅಂದ್ರೆ ನಮ್ಮ ಜಿಲ್ಲೆ. ಹುಂಚದಲ್ಲಿ ನಾವು ಚಿಕ್ಕವರಿದ್ದಾಗ ಭದ್ರಾವತಿ ಅಂದ್ರೆ ಮೂರೇ: ಕಾರ್ಖಾನೆ, ಆಕಾಶವಾಣಿ ಮತ್ತು ವಿಶ್ವನಾಥ್. ಅಪ್ಪ ಅವರ ಆಟ ನೋಡಿದವರೇ ಅಲ್ಲ, ರೇಡಿಯೋದಲ್ಲಿ ಕೇಳಿದವರು ಅಷ್ಟೇ. ಆದ್ರೂ ಸ್ಕ್ವೇರ್ ಕಟ್ ಹೇಗೆ ಹೊಡೀತಿದ್ರು ಅಂತ ಅಡಿಕೆ ಸುಲಿಯೋ ಕತ್ತಿ ಕೆಳಗಿಟ್ಟು ಎದ್ದು ನಿಂತು ತೋರಿಸೋರು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅದಕ್ಕಿಂತ ಅಪ್ಪನಿಗೆ ಇಷ್ಟವಾದದ್ದು 1975ರ ಮದ್ರಾಸ್ ಪಂದ್ಯ. ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತ 190ಕ್ಕೆ ಮುಗಿದಾಗ ಇವರು ಮಾತ್ರ 97 ಹೊಡೆದು ಅಜೇಯ. "ಮೂರು ರನ್ನಿಗೆ ಸೆಂಚುರಿ ತಪ್ಪಿದ್ದಲ್ಲ, ಇನ್ನೊಬ್ಬ ನಿಂತಿದ್ದರೆ ಆಗ್ತಿತ್ತು" ಅನ್ನೋದು ಅಪ್ಪನ ಇವತ್ತಿನವರೆಗಿನ ತಕರಾರು.

ದ್ರಾವಿಡ್ ವಿಷಯದಲ್ಲಿ ನನ್ನ ರೂಲೇ ನನ್ನ ಕಾಲಿಗೆ ತೊಡರಿತು. ಜೆರ್ಸಿ 19, ಜಾಗ 3, ಆದ್ರೆ 2001ರ ಕೋಲ್ಕತ್ತದಲ್ಲಿ ಲಕ್ಷ್ಮಣ್ ಜೊತೆ 376 ರನ್ ಸೇರಿಸಿ 180 ಹೊಡೆದಾಗ ಬಂದದ್ದು ಆರನೆಯವರಾಗಿ. ತಮ್ಮ ಜಾಗವನ್ನ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಕೆಳಗೆ ಬಂದು ಹಾಗೆ ಆಡೋದು ಎಲ್ಲರಿಗೂ ಆಗುವ ಮಾತಲ್ಲ. ಕೊನೆಗೆ 3ನ್ನೇ ಕೊಟ್ಟೆ, 6 ಬ್ರಿಜೇಶ್ ಪಟೇಲರಿಗೆ ಹೋಯ್ತು.

7 ಮತ್ತು 10 ಒಂದೇ ಪಂದ್ಯದಿಂದ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಕಪಿಲ್ ದೇವ್ 175 ಎಲ್ಲರಿಗೂ ಗೊತ್ತು. ಏಳನೆಯವರಾಗಿ ಬಂದ ರೋಜರ್ ಬಿನ್ನಿ ಕಪಿಲ್ ಜೊತೆ 60 ರನ್ ಸೇರಿಸದಿದ್ದರೆ, ಹತ್ತನೆಯವರಾಗಿ ಬಂದ ಕಿರ್ಮಾನಿ 24 ಹೊಡೆದು ಮುರಿಯದ 126 ರನ್ ಜೊತೆಯಾಟ ಕೊಡದಿದ್ದರೆ ಆ 175 ಎಲ್ಲಿಂದ ಬರ್ತಿತ್ತು? ಬಿನ್ನಿ ಆ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದರು, ಅದು ಆ ಕಪ್ಪಿನಲ್ಲೇ ಅತಿ ಹೆಚ್ಚು. ಆ ಪಂದ್ಯದ ವಿಡಿಯೋ ಇಲ್ಲ. ಹಾಗಾಗಿ ಅದರ ಬಗ್ಗೆ ಮಾತಾಡುವಾಗ ನಾವೆಲ್ಲ ನಮ್ಮಪ್ಪನ ಹಾಗೇ, ಕೇಳಿದ್ದನ್ನ ನೋಡಿದ ಹಾಗೆ ಹೇಳೋರು.

8 ಅನಿಲ್ ಕುಂಬ್ಳೆ. 619 ಟೆಸ್ಟ್ ವಿಕೆಟ್, ದೆಹಲಿಯ ಹತ್ತಕ್ಕೆ ಹತ್ತು ಎಲ್ಲ ಸರಿ, ಆದ್ರೆ ನಂಬರ್ ಬಂದದ್ದು 2007ರ ಓವಲ್ ಶತಕದಿಂದ. 9ಕ್ಕೆ ಪ್ರಸನ್ನ ಮತ್ತು ಶ್ರೀನಾಥ್ ನಡುವೆ ಒಂದಿಡೀ ಸಂಜೆ ಕಳೆದೆ. ಕುಂಬ್ಳೆ, ಪ್ರಸನ್ನ, ಶ್ರೀನಾಥ್ ಮೂವರೂ ಎಂಜಿನಿಯರಿಂಗ್ ಓದಿದವರು, ಗೊತ್ತಿರಲಿ. ಅದರಲ್ಲೂ ಪ್ರಸನ್ನ 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು, ಟೆಸ್ಟ್ ಆಟ ಬದಿಗಿಟ್ಟು ಬಿಇ ಮುಗಿಸಿ, 1967ರಲ್ಲಿ ಮತ್ತೆ ಬಂದು, ಇಪ್ಪತ್ತೇ ಟೆಸ್ಟಿನಲ್ಲಿ ನೂರು ವಿಕೆಟ್ ಮುಟ್ಟಿದವರು. ಬ್ಯಾಕ್‌ಲಾಗ್ ಇದ್ದೂ ಕ್ರಿಕೆಟ್ ಆಡ್ತಿದ್ದ ನಮ್ಮ ಹಾಸ್ಟೆಲಿನವರು ಇದನ್ನ ಓದಬೇಕು. 1973-74ರಲ್ಲಿ ಬಾಂಬೆಯ ಹದಿನೈದು ವರ್ಷದ ಓಟ ಮುರಿದು ರಣಜಿ ಟ್ರೋಫಿಯನ್ನ ಮೊದಲ ಸಲ ಇಲ್ಲಿಗೆ ತಂದ ಕ್ಯಾಪ್ಟನ್ನೂ ಅವರೇ. 9 ಅವರಿಗೇ. ಶ್ರೀನಾಥ್ 12. ನೀರು ತರೋಕೆ 236 ಟೆಸ್ಟ್ ವಿಕೆಟ್ ತೆಗೆದವರನ್ನ ಇಟ್ಟುಕೊಂಡ ಟೀಮ್ ಇನ್ನೆಲ್ಲಿದೆ ಹೇಳಿ!

11 ಚಂದ್ರಶೇಖರ್. ಇದಕ್ಕೆ ಯೋಚನೆಯೇ ಬೇಡ. ಟೆಸ್ಟ್ ಬದುಕಿನಲ್ಲಿ ಹೊಡೆದದ್ದು 167 ರನ್, ಕಿತ್ತದ್ದು 242 ವಿಕೆಟ್. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈಯಲ್ಲೇ ಅಷ್ಟು ವಿಕೆಟ್. ಮೆಲ್ಬೋರ್ನಿಗೆ ಕಳಿಸಿದ ಶೀಟಿನಲ್ಲಿ ಇವರ ಸಾಲಿಗೆ ಹಳದಿ ಬಣ್ಣ ಹಚ್ಚಿದೆ: 1977-78ರಲ್ಲಿ ನಿಮ್ಮದೇ ಮೈದಾನದಲ್ಲಿ ಎರಡೂ ಇನಿಂಗ್ಸಿನಲ್ಲಿ 52ಕ್ಕೆ 6, ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಆ ಕಡೆಯಿಂದ ಒಂದು ಹೆಬ್ಬೆರಳಿನ ಇಮೋಜಿ ಬಂತು, ಅಷ್ಟೇ.

ಇಷ್ಟಾದ ಮೇಲೆ ನನ್ನ ತಲೆ ಸುಮ್ಮನಿರಬೇಕಲ್ಲ. ಹುಂಚದ ನಮ್ಮ ಟೀಮಿನ ಲೆಕ್ಕ ಶುರುವಾಯ್ತು.

ನಮ್ಮೂರು ಗೊತ್ತಿರೋರಿಗೆ ಪದ್ಮಾವತಿ ಅಮ್ಮನವರ ಊರು, ಹೊಂಬುಜ, ಸಾಂತರ ಅರಸರ ರಾಜಧಾನಿ. ನಮಗೆ ಮಾತ್ರ ಭತ್ತದ ಕೊಯ್ಲಾದ ಮೇಲೆ ಖಾಲಿಯಾಗೋ ಗದ್ದೆ. ಅಲ್ಲೇ ಪಿಚ್ಚು. 2010ರಲ್ಲಿ ಮೊದಲ ಸಲ ಜೆರ್ಸಿ ಮಾಡಿಸಿದ್ವಿ. ಶಿವಮೊಗ್ಗದ ಅಂಗಡಿಯಲ್ಲಿ ಜೆರ್ಸಿಗೆ 220 ರೂಪಾಯಿ, ನಂಬರಿಗೆ ಬೇರೆ: ಒಂದಂಕಿಗೆ ಹತ್ತು ರೂಪಾಯಿ. ನಾನು ಆಗ ಬಿಇ ಕೊನೇ ವರ್ಷ. ದ್ರಾವಿಡ್ ಭಕ್ತಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು 19 ಹಾಕಿಸಿದೆ. 10ಕ್ಕೆ ಮೂವರು ಕಿತ್ತಾಡಿ ಚೀಟಿ ಎತ್ತಿದ್ರು. 7 ತಗೊಂಡವನು ಧೋನಿ ಅಭಿಮಾನಿ ಅಂತ ಎಲ್ಲರೂ ಅಂದುಕೊಂಡ್ರು, ಅವನು ತಗೊಂಡದ್ದು ಒಂದೇ ಅಂಕಿ ಅಂತ. ಸಾಗರದ ಭರತ್ ಚಿಪ್ಲಿ ಡೆಕ್ಕನ್ ಚಾರ್ಜರ್ಸ್ ಪರ ಐಪಿಎಲ್ ಆಡಿದಾಗ ನಮ್ಮಲ್ಲಿ ಅರ್ಧ ಜನ ಇನ್ನು ನಮ್ಮ ಸರದಿ ಅಂತಲೇ ನಂಬಿದ್ರು.

ನಮ್ಮ ಟೀಮಿನ ನಿಜವಾದ ಬೌಲರ್ ಮಾತ್ರ ನಂಬರ್ ಹಾಕಿಸಲಿಲ್ಲ. ಅವರು ಕೊನೆಗಾರರು. ಅಡಿಕೆ ಮರ ಹತ್ತಿ ಕೊನೆ ತೆಗೆಯೋರು. ನನಗಿಂತ ಆರೇಳು ವರ್ಷ ದೊಡ್ಡವರು, ನಾವೆಲ್ಲ ಅಣ್ಣ ಅಂತಲೇ ಕರೆಯೋದು. "ಅಂಗಿ ಸಾಕು ಮಾರಾಯ, ನಂಬರ್ ಕಟ್ಕಂಡು ನಾನು ಎಂತ ಮಾಡ್ಲಿ" ಅಂದಿದ್ರು. ಹತ್ತು ರೂಪಾಯಿ ಅವರಿಗೆ ಹತ್ತು ರೂಪಾಯಿಯೇ ಆಗಿತ್ತು ಅನ್ನೋದು ನಮಗಾರಿಗೂ ಆಗ ಹೊಳೀಲಿಲ್ಲ. ಹಾಗಾಗಿ ಹತ್ತು ನೀಲಿ ಬೆನ್ನುಗಳಲ್ಲಿ ಬಿಳಿ ಅಂಕಿ, ಒಂದು ಬೆನ್ನು ಖಾಲಿ. ಬೆಳಗ್ಗಿನಿಂದ ಮರ ಹತ್ತಿಳಿದು ಮಧ್ಯಾಹ್ನ ಗದ್ದೆಗೆ ಬಂದು ಟೆನಿಸ್ ಬಾಲ್ ತಿರುಗಿಸೋರು. ಮರ ಹಿಡಿದು ಹಿಡಿದು ಮರದಂತೆಯೇ ಆಗಿದ್ದ ಬೆರಳುಗಳು. ಹೊರಗಿನ ಟೀಮುಗಳ ಕಡೆಯವರು "ಆ ನಂಬರ್ ಇಲ್ದಿರೋನು ಬಂದಿದಾನಾ?" ಅಂತ ಮೊದಲು ಕೇಳೋರು.

ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವಾಗ ಒದ್ದೆ ಮರದಿಂದ ಜಾರಿದ್ರು. ಸೊಂಟಕ್ಕೂ ಕಾಲಿಗೂ ಪೆಟ್ಟು. ನಾವು ಟೀಮಿನವರು ಸೇರಿ ದುಡ್ಡು ಹಾಕಿದ್ವಿ, ಆಸ್ಪತ್ರೆ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಈಗ ಕೋಲು ಹಿಡಿದು ನಡೀತಾರೆ, ಮರ ಹತ್ತೋದು ಮುಗೀತು. ಟೂರ್ನಿ ಇದ್ದಾಗ ಸ್ಕೋರ್ ಬರೆಯೋಕೆ ಕೂರ್ತಾರೆ. ಉಳಿದ ದಿನ ಅಡಿಕೆ ಸುಲಿಯೋಕೆ ಮನೆಯವರ ಜೊತೆ ಇವರೂ ಹೋಗ್ತಾರೆ.

ಈ ಜನವರಿ ಟೂರ್ನಿಗೆ ಹೊಸ ಜೆರ್ಸಿ ಮಾಡಿಸಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು ಎದ್ದಿತು. ಊರಲ್ಲಿ ಇರೋ ಹುಡುಗರು ಏಳು ಜನ. ಮಿಕ್ಕವರು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟರೆ ಮಾತ್ರ ಹನ್ನೊಂದಾಗೋದು. ಹಳೇ ಜೆರ್ಸಿಗಳ ಲೆಕ್ಕ ತೆಗೆದ್ರೆ ನಾಲ್ಕು ಉಳಿದಿವೆ. ನನ್ನ 19 ತೋಟದ ಅಂಚಿನ ಬೆರ್ಚಪ್ಪನ ಮೈಮೇಲಿದೆ, ಅಮ್ಮ ಹಾಕಿದ್ದು. ಮಂಗಗಳು ಅದಕ್ಕೂ ಕ್ಯಾರೇ ಅನ್ನೋದಿಲ್ಲವಂತೆ. ಆಗ ಒಬ್ಬ ಹುಡುಗ ಬರೆದ: ಅಣ್ಣನ ನಂಬರ್ ರಿಟೈರ್ ಮಾಡೋಣ. ಐಡಿಯಾ ಎಲ್ಲಿಂದ ಅಂತ ಹೇಳಬೇಕಿಲ್ಲ. ಸಚಿನ್ನರ 10ನ್ನ 2017ರಲ್ಲಿ ಶಾರ್ದೂಲ್ ಠಾಕೂರ್ ಹಾಕಿಕೊಂಡಾಗ ಎದ್ದ ಗಲಾಟೆ ನೆನಪಿದೆಯಲ್ಲ. ಆಮೇಲೆ ಆರ್‌ಸಿಬಿ 2023ರಲ್ಲಿ ಡಿವಿಲಿಯರ್ಸ್‌ರ 17, ಗೇಲ್‌ರ 333 ಎತ್ತಿಟ್ಟಿತು. ನಮ್ಮ ಹುಡುಗರಿಗೂ ಹಾಗೇ ಮಾಡುವ ಆಸೆ. ಇನ್ನೊಬ್ಬ ಕೇಳಿದ: ಇಲ್ಲದ ನಂಬರನ್ನ ರಿಟೈರ್ ಮಾಡೋದು ಹೇಗೋ?

ನನಗೆ ಈ ಎತ್ತಿಡುವ ಪದ್ಧತಿಯೇ ಅಷ್ಟಾಗಿ ಹಿಡಿಸೋದಿಲ್ಲ. ರಿಚ್ಮಂಡ್ ಕ್ಲಬ್ಬಿನಲ್ಲಿ ಜಾಕ್ ಡಯರ್‌ರ 17ನ್ನ ಮುಚ್ಚಿಡಲಿಲ್ಲ, ಕ್ಯಾಪ್ಟನ್ ಆದವರಿಗೆ ಕೊಡುವ ಸಂಪ್ರದಾಯ ಮಾಡಿಕೊಂಡ್ರು. ಗೋಡೆಗೆ ನೇತು ಹಾಕಿದ ಅಂಗಿಯನ್ನ ಯಾರು ನೋಡ್ತಾರೆ? ಹೆಗಲ ಮೇಲೆ ಇದ್ದರೆ ಅದು ಯಾರದ್ದು ಅಂತ ಹೊಸ ಹುಡುಗನಾದರೂ ಕೇಳ್ತಾನೆ. ಇದನ್ನೇ ಗ್ರೂಪಿನಲ್ಲಿ ಬರೆದೆ. ಉದ್ದ ಆಯ್ತು ಅಂತ ಯಾರೂ ಪೂರ್ತಿ ಓದಲಿಲ್ಲ ಅನ್ನಿಸುತ್ತೆ.

ಕೊನೆಗೆ ಅವರಿಗೇ ಫೋನ್ ಮಾಡಿದೆ. ನಮ್ಮ ಟೀಮಿನ ಸಾರ್ವಕಾಲಿಕ ಲಿಸ್ಟ್ ಮಾಡಿದೀನಿ ಅಣ್ಣ, ನಿಮಗೆ 11 ಕೊಟ್ಟಿದೀನಿ, ಚಂದ್ರಶೇಖರ್ ನಂಬರ್ ಅಂದೆ.

"ಹನ್ನೊಂದಾ? ಯಾಕಾ, ನಾನು ಬ್ಯಾಟಿಂಗ್ ಮಾಡ್ತಿರ್ಲಿಲ್ವಾ? ರಿಪ್ಪನ್‌ಪೇಟೆಯವರ ಮೇಲೆ ಎರಡು ಸಿಕ್ಸ್ ಹೊಡ್ದಿದ್ದು ಮರ್ತೋಯ್ತಾ ನಿಂಗೆ?"

ಮರೆತಿರಲಿಲ್ಲ. ಆ ಎರಡೂ ಚೆಂಡು ಹೊಳೆಗೆ ಬಿದ್ದು, ಚೆಂಡಿನ ದುಡ್ಡು ನಾವೇ ಕೊಟ್ಟಿದ್ವಿ.

ರಿಟೈರ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಹಿಂದಿನಿಂದ ಅಡಿಕೆ ಸುಲಿಯೋ ಮೆಟ್ಟುಗತ್ತಿಯ ಸದ್ದು ಕೇಳ್ತಿತ್ತು. "ನಂಗೆ ರಿಟೈರ್ ಗಿಟೈರ್ ಎಲ್ಲ ಬ್ಯಾಡ. ಏಳ್ನೇ ನಂಬರಿನವನ ಮಗ ಇದಾನಲ್ಲ, ಒಂಬತ್ತನೇ ಕ್ಲಾಸು, ಅವ ದಿನಾ ಸಂಜೆ ಇಲ್ಲಿ ಬರ್ತಾನೆ. ಬೆರಳು ಹೆಂಗೆ ಇಡೋದು ಅಂತ ಹೇಳ್ಕೊಡ್ತಿದೀನಿ. ಚೆನ್ನಾಗಿ ತಿರುಗ್ಸ್ತಾನೆ. ಅವಂಗೆ ಆ ಹನ್ನೊಂದು ಹಾಕ್ಸಿ. ನಂಗೂ ಒಂದು ಅಂಗಿ ಮಾಡ್ಸಿ, ಸ್ಕೋರ್ ಬರೆಯೋಕೆ ಕೂರ್ತೀನಲ್ಲ."

"ನಿಮ್ಮದಕ್ಕೆ ಯಾವ ನಂಬರ್ ಅಣ್ಣ?"

"ಯಾವುದಾದ್ರೂ ಹಾಕ್ಸು. ಈ ಸಲ ಎರಡಂಕಿದೇ ಇರ್ಲಿ."

ಲಿಸ್ಟ್ ಮೊನ್ನೆ ಶಿವಮೊಗ್ಗಕ್ಕೆ ಹೋಯ್ತು. ಹುಡುಗನಿಗೆ 11, ಅಣ್ಣನಿಗೆ 19. ಜೆರ್ಸಿ ಈಗ 450 ರೂಪಾಯಿ. ಅಂಕಿಗೆ ಬೇರೆ ದುಡ್ಡು ತಗೊಳ್ಳೋದನ್ನ ಅಂಗಡಿಯವರು ಯಾವತ್ತೋ ಬಿಟ್ಟಿದ್ದಾರಂತೆ.